ಮದ್ದಿಗೊಂದು ಮನೆ, ಮನುಷ್ಯನಿಗೊಂದು ಮನೆ

ಗುಂಡ್ಲುಪೇಟೆಯಿಂದ ಮೈಸೂರಿನ ಕಡೆಗೆ ಸಾಗುವ ಹೆದ್ದಾರಿಯ ಆಸುಪಾಸಿನಲ್ಲಿ, ಬೇಗೂರು ಹಿರೀಕಾಟಿಗಳ ಸುತ್ತಮುತ್ತ, ಕಲ್ಲುಗಣಿಗಳೂ ಜಲ್ಲಿ ಕ್ರಷರುಗಳೂ ಇವೆ. ಅತ್ತ ಚಾಮರಾಜನಗರದ ಕರಿಕಲ್ಲು ದೇಶವಿದೇಶಗಳಲ್ಲಿ ಹೆಸರಾದದ್ದು. ಈ ಎರಡು ತಾಲ್ಲೂಕುಗಳಲ್ಲಿ ಬಂಡೆಯನ್ನೇ ನಂಬಿ ಬದುಕುವ ಕುಟುಂಬಗಳು ಅನೇಕ. ಬಂಡೆ ಸುಮ್ಮನೆ ಬಾಯಿ ಬಿಡುವುದಿಲ್ಲ. ಅದಕ್ಕೆ ಮದ್ದು ಬೇಕು. ಆ ಮದ್ದು ಸಿಡಿಯುವುದು ಒಂದು ಕ್ಷಣದ ಕೆಲಸ. ಅದಕ್ಕೆ ಮೊದಲು ಅದು ದಿನಗಟ್ಟಲೆ ಎಲ್ಲಿಯೋ ಇರಬೇಕು, ಯಾವುದೋ ವಾಹನದಲ್ಲಿ ಬರಬೇಕು, ಯಾರದೋ ಕೈಯಿಂದ ಇಳಿಯಬೇಕು. ಸಿಡಿಯುವ ಆ ಒಂದು ಕ್ಷಣದ ಬಗ್ಗೆ ಎಲ್ಲರೂ ಎಚ್ಚರವಾಗಿರುತ್ತಾರೆ. ಕೆಂಪು ಬಾವುಟ ಹಾರುತ್ತದೆ, ಸೀಟಿ ಕೂಗುತ್ತದೆ, ಜನ ದೂರ ಸರಿಯುತ್ತಾರೆ. ಆದರೆ ಮದ್ದು ಸುಮ್ಮನೆ ಮಲಗಿರುವ ಉಳಿದ ದಿನಗಳ ಬಗ್ಗೆ ನಾವು ಎಷ್ಟು ಯೋಚಿಸಿದ್ದೇವೆ? ಈ ಲೇಖನದ ವಿಷಯ ಅದೇ.

ಮೊದಲು ಒಂದು ಭೇದವನ್ನು ಓದುಗರು ತಿಳಿದಿರಬೇಕು. ಕರಿಕಲ್ಲಿನ ಗಣಿಯಲ್ಲಿ ಬೇಕಾದದ್ದು ಬಿರುಕಿಲ್ಲದ ದೊಡ್ಡ ದಿಮ್ಮಿ. ಹೆಚ್ಚು ಮದ್ದು ಹಾಕಿದರೆ ಕಲ್ಲಿನೊಳಗೆ ಕೂದಲಿನಂಥ ಬಿರುಕು ಹಬ್ಬಿ ದಿಮ್ಮಿ ಬೆಲೆಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಅಲ್ಲಿ ವಜ್ರದ ಹರಳುಗಳನ್ನು ಪೋಣಿಸಿದ ತಂತಿ ಗರಗಸದಿಂದ ಕಲ್ಲನ್ನು ಕೊಯ್ಯುವುದು ರೂಢಿಗೆ ಬಂದಿದೆ. ಜಲ್ಲಿಗೂ ಎಂ-ಸ್ಯಾಂಡಿಗೂ ಬಳಸುವ ಬಿಳಿಕಲ್ಲಿನ ಕತೆ ಬೇರೆ. ಅಲ್ಲಿ ಬಂಡೆ ಪುಡಿಯಾದಷ್ಟೂ ಲಾಭ. ಕುಳಿ ಕೊರೆದು, ಜಿಲೆಟಿನ್ ಕಡ್ಡಿಗಳನ್ನು ಇಳಿಸಿ, ಡಿಟೋನೇಟರ್ ಜೋಡಿಸಿ ಸಿಡಿಸುವುದೇ ಅಲ್ಲಿಯ ಕ್ರಮ. ನಾವು ಹೇಳಹೊರಟ ಅಪಾಯ ಹೆಚ್ಚಾಗಿ ಈ ಎರಡನೆಯ ಬಗೆಯ ಗಣಿಗಳಿಗೆ ಸೇರಿದ್ದು.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರದ ಹುಣಸೋಡಿನಲ್ಲಿ, ಕಲ್ಲುಗಣಿಯ ಕ್ರಷರಿನ ಬಳಿ, ಲಾರಿಯಲ್ಲಿ ತಂದಿದ್ದ ಸ್ಫೋಟಕಗಳು ಸಿಡಿದವು. ಅಲ್ಲಿದ್ದ ಕೆಲಸಗಾರರು ಛಿದ್ರಛಿದ್ರವಾದರು. ನೆಲ ನಡುಗಿದ್ದು ನೆರೆಯ ಜಿಲ್ಲೆಗಳಲ್ಲಿಯೂ ಅನುಭವಕ್ಕೆ ಬಂದು, ಜನ ಭೂಕಂಪವೆಂದು ಬಗೆದು ಮನೆಗಳಿಂದ ಹೊರಗೆ ಓಡಿಬಂದರು. ಸುಮಾರು ಒಂದು ತಿಂಗಳ ಬಳಿಕ, ಫೆಬ್ರವರಿಯಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಮತ್ತೊಂದು ಸ್ಫೋಟವಾಗಿ ಆರು ಮಂದಿ ಸತ್ತರು. ಗಮನಿಸಿ: ಎರಡು ಕಡೆಯೂ ಸಾವು ಬಂದದ್ದು ಬಂಡೆ ಒಡೆಯುವಾಗ ಅಲ್ಲ. ಒಂದು ಕಡೆ ಮದ್ದು ಲಾರಿಯಲ್ಲಿತ್ತು. ಇನ್ನೊಂದು ಕಡೆ, ಅಕ್ರಮವಾಗಿ ಇಟ್ಟಿದ್ದ ಮದ್ದನ್ನು ಕಣ್ಮರೆ ಮಾಡಲು ರಾತ್ರಿಯಲ್ಲಿ ಸಾಗಿಸುತ್ತಿದ್ದರು.

ಇವು ದೂರದ ಊರುಗಳೆಂದು ಚಾಮರಾಜನಗರದವರು ಸಮಾಧಾನಪಡುವಂತಿಲ್ಲ. 2022ರ ಮಾರ್ಚಿಯಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಗಣಿಯಲ್ಲಿ ಗುಡ್ಡದ ಬಂಡೆಗಳು ಕುಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಬಿಸಲವಾಡಿಯಲ್ಲಿಯೂ ಅಂಥದೇ ಕುಸಿತವಾಯಿತು. ಎರಡರಲ್ಲಿಯೂ ಕೆಲಸಗಾರರು ಪ್ರಾಣ ತೆತ್ತರು. ಅವು ದಾಸ್ತಾನಿನ ಸ್ಫೋಟಗಳಲ್ಲ, ಬಂಡೆಯ ಕುಸಿತಗಳು. ಈ ಎರಡನ್ನು ಬೆರೆಸುವುದು ಸರಿಯಲ್ಲ. ಆದರೆ ಕೆಲಸಗಾರನ ಜೀವ ಗಣಿಯಲ್ಲಿ ಎಷ್ಟು ತೆಳುವಾದ ನೂಲಿನಿಂದ ತೂಗುತ್ತಿದೆ ಎಂಬುದನ್ನು ಅವು ನಮ್ಮ ಕಣ್ಣೆದುರಿಗೇ ತೋರಿಸಿವೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಬಾಗಿಲನ್ನು ಮೊದಲೇ ಹಾಕುವುದು ಹೇಗೆ?

ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿ, ಅಪಾರ ಬೆಲೆ ತೆತ್ತು, ಉತ್ತರ ಕಂಡುಕೊಂಡವರಿದ್ದಾರೆ. ಅವರು ಯುದ್ಧದ ಟ್ಯಾಂಕುಗಳನ್ನು ನಿರ್ಮಿಸುವವರು. ಯೋಚಿಸಿ ನೋಡಿ: ಟ್ಯಾಂಕು ಎಂದರೆ ಉಕ್ಕಿನ ಒಂದು ಇಕ್ಕಟ್ಟಾದ ಕೋಣೆ. ಅದರೊಳಗೆ ಮೂರು ನಾಲ್ಕು ಜನ; ಅವರ ಮಗ್ಗುಲಲ್ಲಿಯೇ ಹತ್ತಾರು ಫಿರಂಗಿ ಗುಂಡುಗಳು. ಮದ್ದೂ ಮನುಷ್ಯನೂ ಒಂದೇ ಮನೆಯಲ್ಲಿ ಇರಲೇಬೇಕಾದ, ಆ ಮನೆಯ ಮೇಲೆ ಶತ್ರು ಬೇಕೆಂದೇ ಬೆಂಕಿ ಸುರಿಸುವ ಸ್ಥಿತಿ ಅದು. ಅಲ್ಲಿ ಬದುಕಲು ಸಾಧ್ಯವಾದ ಉಪಾಯ ಕಲ್ಲುಗಣಿಯಲ್ಲಿ ಸಾಧ್ಯವಾಗದೆ ಹೋದೀತೆ?

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಷರ್ಮನ್ ಟ್ಯಾಂಕುಗಳು ಪೆಟ್ಟು ತಿಂದೊಡನೆ ಹೊತ್ತಿಕೊಳ್ಳುತ್ತಿದ್ದವು. ಪೆಟ್ರೋಲ್ ಎಂಜಿನ್ನೇ ಇದಕ್ಕೆ ಕಾರಣವೆಂದು ಬಹಳ ಜನ ನಂಬಿದ್ದರು. ಸುಟ್ಟ ಟ್ಯಾಂಕುಗಳನ್ನು ಪರೀಕ್ಷಿಸಿದಾಗ ಮುಖ್ಯ ಅಪರಾಧಿ ಪೆಟ್ರೋಲ್ ಅಲ್ಲ, ಪಕ್ಕದ ಗೋಡೆಗಳಿಗೆ ಹೊಂದಿಸಿ ಇಟ್ಟಿದ್ದ ಗುಂಡುಗಳ ಮದ್ದು ಎಂದು ತಿಳಿದುಬಂತು. ಆಮೇಲೆ ಗುಂಡುಗಳನ್ನು ಟ್ಯಾಂಕಿನ ತಳಕ್ಕೆ ಇಳಿಸಿ, ಅವುಗಳ ಸುತ್ತ ನೀರು ತುಂಬಿದ ಪೆಟ್ಟಿಗೆಗಳನ್ನು ಕಟ್ಟಿದರು. ಕವಚ ತೂತಾದಾಗ ಹಳೆಯ ಬಗೆಯ ಟ್ಯಾಂಕುಗಳಲ್ಲಿ ನೂರಕ್ಕೆ 60ರಿಂದ 80 ಸುಟ್ಟುಹೋಗುತ್ತಿದ್ದವೆಂದೂ, ಹೊಸ ಬಗೆಯವುಗಳಲ್ಲಿ ನೂರಕ್ಕೆ 10ರಿಂದ 15 ಮಾತ್ರ ಸುಟ್ಟವೆಂದೂ 1945ರ ಅಮೆರಿಕದ ಸೈನ್ಯದ ಸಮೀಕ್ಷೆ ಹೇಳಿತು. ಕವಚದ ದಪ್ಪವನ್ನು ನಂಬಿ ಕೂರದೆ, ಮದ್ದು ಇರುವ ಜಾಗವನ್ನೂ ಅದರ ಆವರಣವನ್ನೂ ಬದಲಾಯಿಸಿದ್ದರಿಂದಲೇ ಇಷ್ಟು ವ್ಯತ್ಯಾಸ!

ಇದಕ್ಕಿಂತ ಮುಂದಿನ ಹೆಜ್ಜೆಯನ್ನು 1980ರಲ್ಲಿ ಸೇವೆಗೆ ಬಂದ ಅಮೆರಿಕದ ಏಬ್ರಮ್ಸ್ ಟ್ಯಾಂಕಿನಲ್ಲಿ ಕಾಣುತ್ತೇವೆ. ಅದರಲ್ಲಿ ಹೆಚ್ಚಿನ ಗುಂಡುಗಳು ಫಿರಂಗಿ ಗೋಪುರದ ಹಿಂಭಾಗದ ಪ್ರತ್ಯೇಕ ಕೋಣೆಯಲ್ಲಿರುತ್ತವೆ. ಆ ಕೋಣೆಗೂ ಸೈನಿಕರಿಗೂ ನಡುವೆ ದಪ್ಪ ಉಕ್ಕಿನ ಸರಿಯುವ ಬಾಗಿಲು. ಗುಂಡು ತೆಗೆಯುವಾಗ ತೆರೆದು, ಒಡನೆ ಮುಚ್ಚಿಕೊಳ್ಳುತ್ತದೆ. ಕೋಣೆಯ ಮೇಲ್ಛಾವಣಿಯಲ್ಲಿ ಬೇಕೆಂದೇ ದುರ್ಬಲವಾಗಿ ಕೂರಿಸಿದ ಹಲಗೆಗಳಿವೆ. ಒಳಗೆ ಮದ್ದು ಹೊತ್ತಿದರೆ ಒತ್ತಡವೇರಿ ಆ ಹಲಗೆಗಳು ಮೊದಲು ಹಾರಿಹೋಗುತ್ತವೆ, ಬೆಂಕಿ ಮೇಲಕ್ಕೆ, ಬಯಲಿಗೆ, ನುಗ್ಗುತ್ತದೆ, ಒಳಗಿರುವವರು ಬದುಕುತ್ತಾರೆ. ನಮ್ಮ ಅಡಿಗೆಮನೆಯ ಕುಕ್ಕರಿನಲ್ಲಿರುವ ಸುರಕ್ಷಾ ಕವಾಟದ ತತ್ವವೂ ಇದೇ: ಒಡೆಯಲೇಬೇಕಾದರೆ ಎಲ್ಲಿ ಒಡೆಯಬೇಕೆಂಬುದನ್ನು ಮೊದಲೇ ನಿಶ್ಚಯಿಸಿಡುವುದು. ಚೆನ್ನೈ ಬಳಿಯ ಆವಡಿಯಲ್ಲಿ ರೂಪುಗೊಂಡ ನಮ್ಮ ಅರ್ಜುನ್ ಟ್ಯಾಂಕಿನಲ್ಲಿಯೂ ಈ ತತ್ವವನ್ನು ಅನುಸರಿಸಿದ್ದಾರೆ.

ಇದಕ್ಕೆ ವಿರುದ್ಧವಾದ ಉದಾಹರಣೆ ರಷ್ಯದ ಟಿ-72. ಅದರಲ್ಲಿ 22 ಗುಂಡುಗಳು ಗೋಪುರದ ಕೆಳಗೆ, ಸೈನಿಕರ ಕಾಲಡಿಯಲ್ಲಿಯೇ, ಚಕ್ರಾಕಾರವಾಗಿ ಜೋಡಿಸಲ್ಪಟ್ಟಿವೆ. ಇದರಿಂದ ಟ್ಯಾಂಕು ಗಿಡ್ಡವಾಗುತ್ತದೆ, ಗುಂಡು ತುಂಬುವವನ ಅಗತ್ಯವೂ ತಪ್ಪುತ್ತದೆ. ಆದರೆ ಆ ಗುಂಡುಗಳಿಗೆ ಬೆಂಕಿ ತಗುಲಿದರೆ ಒತ್ತಡಕ್ಕೆ ಬೇರೆ ದಾರಿಯಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿಯೂ 2022ರಲ್ಲಿ ಆರಂಭವಾದ ಯುಕ್ರೇನ್ ಯುದ್ಧದಲ್ಲಿಯೂ ಇಡೀ ಗೋಪುರವೇ ಕಿತ್ತು ಆಕಾಶಕ್ಕೆ ಹಾರಿದ ಚಿತ್ರಗಳನ್ನು ಲೋಕ ಕಂಡಿತು.

ಆದರೂ ಬಾಗಿಲಿದ್ದ ಮಾತ್ರಕ್ಕೆ ಸಾಲದು. 1916ರ ಮೇ 31ರಂದು ಜಟ್ಲೆಂಡಿನ ಸಮುದ್ರಯುದ್ಧದಲ್ಲಿ ಬ್ರಿಟನ್ನಿನ ಮೂರು ದೊಡ್ಡ ಯುದ್ಧನೌಕೆಗಳು ಸಿಡಿದು ಮುಳುಗಿ 3,300ಕ್ಕೂ ಹೆಚ್ಚು ನಾವಿಕರು ಸತ್ತರು. ಫಿರಂಗಿಗಳನ್ನು ಬೇಗ ಬೇಗ ಹಾರಿಸುವ ಆತುರದಲ್ಲಿ ಬೆಂಕಿ ತಡೆಯುವ ಬಾಗಿಲುಗಳನ್ನು ತೆರೆದೇ ಇಟ್ಟು, ಮದ್ದಿನ ಚೀಲಗಳನ್ನು ಹೊರಗೆ ಪೇರಿಸುವ ಅಭ್ಯಾಸ ನೌಕೆಗಳಲ್ಲಿ ಬೆಳೆದಿತ್ತು. ಈ ವಿನಾಶಕ್ಕೆ ಅದು ಮುಖ್ಯ ಕಾರಣವೆಂದು ಇತಿಹಾಸಕಾರರು ಎಣಿಸುತ್ತಾರೆ. ಸುರಕ್ಷೆಯ ಉಪಾಯ ಕೆಲಸಕ್ಕೆ ಅಡ್ಡಿಯಾದರೆ ಮನುಷ್ಯ ಅದನ್ನು ಬದಿಗೆ ಸರಿಸುತ್ತಾನೆ. ಒಳ್ಳೆಯ ಉಪಾಯವೆಂದರೆ ಎಚ್ಚರ ತಪ್ಪಿದವನನ್ನೂ ಕಾಪಾಡುವಂಥದು.

ಈ ಎಲ್ಲ ಉದಾಹರಣೆಗಳಿಂದ ನಾವು ಕಲಿಯುವ ಪಾಠ ಒಂದೇ. ಮದ್ದು ಎಂದಾದರೂ ಸಿಡಿಯಬಹುದೆಂದು ಒಪ್ಪಿಕೊಂಡು, ಅದು ಸಿಡಿದರೂ ಮನುಷ್ಯ ಉಳಿಯುವಂತೆ ಮನೆಯನ್ನೂ ವಾಹನವನ್ನೂ ಕಟ್ಟಬೇಕು. ನಮ್ಮ ಗಣಿಗಳಲ್ಲಿ ಅವಘಡವಾದಾಗಲೆಲ್ಲ ಕೇಳಿಬರುವ ಮಾತು, ಕೆಲಸಗಾರ ಅಜಾಗರೂಕನಾಗಿದ್ದನೆಂಬುದು. ಟ್ಯಾಂಕಿನ ಶಿಲ್ಪಿಗಳು ಸೈನಿಕನಿಗೆ ಜಾಗರೂಕನಾಗಿರೆಂದು ಹೇಳಿ ಕೈತೊಳೆದುಕೊಳ್ಳಲಿಲ್ಲ, ಗೋಡೆ ಕಟ್ಟಿದರು. ನಮ್ಮಲ್ಲಿಯೂ ಗೋಡೆ ಕಟ್ಟಬೇಕಾದವರು ಕಟ್ಟಬೇಕು.

ಇದಕ್ಕೆ ವಿಜ್ಞಾನದ ಆಧಾರವೇನೆಂಬುದನ್ನು ನೋಡೋಣ. ಹಳೆಯ ಕರಿಮದ್ದು ಉರಿಯುತ್ತದೆ. ಜಿಲೆಟಿನ್ ಮೊದಲಾದ ಈಚಿನ ಸ್ಫೋಟಕಗಳಲ್ಲಿ ಆಘಾತದ ಅಲೆಯೊಂದು ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ, ಅಂದರೆ ಸುಮಾರು 35 ಕಿಲೋಮೀಟರ್ ದೂರ, ಅಂಥ ಮದ್ದನ್ನು ಸಾಲಾಗಿ ಇಟ್ಟಿದ್ದೇವೆಂದು ಕಲ್ಪಿಸಿಕೊಳ್ಳಿ. ಒಂದು ತುದಿಯಲ್ಲಿ ಆರಂಭವಾದ ಸ್ಫೋಟ ಇನ್ನೊಂದು ತುದಿಯನ್ನು ಮುಟ್ಟಲು ಬೇಕಾಗುವುದು ಏಳು ಸೆಕೆಂಡು. ಐದು ಮೀಟರ್ ಉದ್ದದ ಲಾರಿಯ ಸರಕು ಪೂರ್ತಿ ಸಿಡಿಯಲು ಸೆಕೆಂಡಿನ ಸಾವಿರದಲ್ಲೊಂದು ಪಾಲು ಸಾಕು. ಕಣ್ಣು ಮಿಟುಕಿಸಲು ಇದರ ನೂರು ಪಟ್ಟು ಕಾಲ ಬೇಕು. ಆದುದರಿಂದ ಓಡಿ ತಪ್ಪಿಸಿಕೊಳ್ಳುವ ಮಾತು ವ್ಯರ್ಥ. ಕಾಪಾಡುವುದಿದ್ದರೆ ಮೊದಲೇ ಇಟ್ಟ ದೂರ ಕಾಪಾಡಬೇಕು.

ಎಷ್ಟು ದೂರ? ಇಲ್ಲಿ ಒಂದು ಸೊಗಸಾದ ನಿಯಮವಿದೆ. ಒಂದೇ ತೀವ್ರತೆಯ ಹೊಡೆತ ತಟ್ಟುವ ದೂರವು ಮದ್ದಿನ ತೂಕದ ಘನಮೂಲಕ್ಕೆ ಅನುಗುಣವಾಗಿರುತ್ತದೆ. ತೂಕ ಎಂಟು ಪಟ್ಟಾದರೆ ದೂರ ಎರಡು ಪಟ್ಟು. ತೂಕ ಸಾವಿರ ಪಟ್ಟಾದರೆ ದೂರ ಹತ್ತು ಪಟ್ಟು. ಇದನ್ನು ತಿರುಗಿಸಿ ಓದಿ ನೋಡಿ. 1,000 ಕಿಲೋ ಮದ್ದನ್ನು 125 ಕಿಲೋಗೆ ಇಳಿಸಿದರೆ ಅಪಾಯದ ದೂರ ಎಂಟನೆಯ ಒಂದು ಪಾಲಾಗುವುದಿಲ್ಲ, ಅರ್ಧವಾಗುತ್ತದೆ ಅಷ್ಟೆ. ಒಂದೇ ಒಂದು ಕಿಲೋಗೆ ಇಳಿಸಿದರೂ ಹತ್ತನೆಯ ಒಂದು ಪಾಲು ಉಳಿದೇ ಉಳಿಯುತ್ತದೆ. ‘ಎರಡು ಪೆಟ್ಟಿಗೆ ಮಾತ್ರ ಇದೆ, ಮಲಗುವ ಷೆಡ್ಡಿನ ಮೂಲೆಯಲ್ಲಿರಲಿ’ ಎಂಬ ಮಾತು ಎಷ್ಟು ಪೊಳ್ಳೆಂಬುದು ಈಗ ಸ್ಪಷ್ಟವಾಯಿತು. ಮದ್ದು ಸ್ವಲ್ಪವೇ ಇದ್ದರೂ ಅದಕ್ಕೆ ಬೇಕಾದ ದೂರ ಸ್ವಲ್ಪವಲ್ಲ.

ಇನ್ನೊಂದು ಪಾಠವನ್ನು ಸ್ಫೋಟಕಗಳ ಪಿತಾಮಹನಾದ ಆಲ್ಫ್ರೆಡ್ ನೊಬೆಲನಿಂದಲೇ ಕಲಿಯಬಹುದು. 1864ರಲ್ಲಿ ಸ್ಟಾಕ್‌ಹೋಮಿನ ಅವನ ಕಾರ್ಖಾನೆ ಸಿಡಿದು ಅವನ ತಮ್ಮ ಎಮಿಲ್ ಸತ್ತ. ಅನಂತರ ನೊಬೆಲ್ ತನ್ನ ಪ್ರಯೋಗಗಳನ್ನು ಸರೋವರದ ನಡುವೆ ಲಂಗರು ಹಾಕಿದ ದೋಣಿಗೆ ಸಾಗಿಸಿದ. 1867ರಲ್ಲಿ ಡೈನಮೈಟಿಗೆ ಹಕ್ಕುಪತ್ರ ಪಡೆದ. ಅವನ ಸಾಧನೆಯ ಸಾರವೇ ಪ್ರತ್ಯೇಕತೆ. ಮುಖ್ಯ ಮದ್ದು ಆದಷ್ಟು ಮಂದವಾಗಿ, ಪೆಟ್ಟಿಗೂ ಸುಲಭವಾಗಿ ಜಗ್ಗದಂತಿರಬೇಕು. ಅದನ್ನು ಎಬ್ಬಿಸುವ ಸೂಕ್ಷ್ಮವಾದ ಮದ್ದು ಬೆರಳುದ್ದದ ಒಂದು ಚಿಕ್ಕ ಕೊಳವೆಯಲ್ಲಿ ಬೇರೆಯಾಗಿರಬೇಕು. ನಮ್ಮ ಗಣಿಗಳ ಡಿಟೋನೇಟರ್ ಅದರ ವಂಶದ್ದೇ. ಇವೆರಡೂ ಬೇರೆಯಾಗಿರುವವರೆಗೆ ಅಪಾಯ ಬಹುಮಟ್ಟಿಗೆ ಹತೋಟಿಯಲ್ಲಿರುತ್ತದೆ. ಎರಡನ್ನೂ ಒಂದೇ ಜೀಪಿನಲ್ಲಿ ಹಾಕಿದಾಗ ನೊಬೆಲನ ಶ್ರಮವನ್ನೆಲ್ಲ ನಾವು ನೀರಿಗೆ ಹಾಕಿದಂತೆ. ಒಂದೇ ವಾಹನದಲ್ಲಿ ಒಂದೇ ಕಾಲಕ್ಕೆ ಡಿಟೋನೇಟರನ್ನೂ ಉಳಿದ ಸ್ಫೋಟಕವನ್ನೂ ಸಾಗಿಸಬಾರದೆಂದು 1961ರ ಗಣಿ ನಿಬಂಧನೆಗಳಲ್ಲಿಯೇ ವಿಧಿಸಲಾಯಿತು. ಒಂದು ಪೆಟ್ಟಿಗೆಯಲ್ಲಿ 5 ಕಿಲೋಗಿಂತ ಹೆಚ್ಚು ಮದ್ದನ್ನು ಗಣಿಯೊಳಗೆ ಒಯ್ಯಬಾರದೆಂಬುದೂ ಅಲ್ಲಿದೆ. 1884ರ ಸ್ಫೋಟಕ ಕಾಯಿದೆ, 2008ರ ಸ್ಫೋಟಕ ನಿಯಮಗಳು, 2012ರ ಅಮೋನಿಯಂ ನೈಟ್ರೇಟ್ ನಿಯಮಗಳು ಇವೆ. ನಮ್ಮಲ್ಲಿ ಕೊರತೆ ಇರುವುದು ಕಾಗದದ್ದಲ್ಲ.

ಮದ್ದಿಗೆ ಬೇರೆ ಮನೆ ಕಟ್ಟುವ ವಿದ್ಯೆ ನಮ್ಮ ನಾಡಿಗೆ ಹೊಸದೂ ಅಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳು ಇಂದಿಗೂ ನಿಂತಿವೆ. ಇಟ್ಟಿಗೆ ಗಾರೆಗಳ ದಪ್ಪ ಗೋಡೆ, ಅರ್ಧ ನೆಲದೊಳಗೆ ಹುದುಗಿದ ಕಟ್ಟಡ, ಒಂದಕ್ಕೊಂದು ಬಿಟ್ಟು ಬಿಟ್ಟು ಕಟ್ಟಿದ ಕ್ರಮ. ಅವುಗಳಲ್ಲಿ ಒಂದನ್ನು 2017ರಲ್ಲಿ ಜೋಡಿ ರೈಲುಮಾರ್ಗಕ್ಕಾಗಿ ಇಡಿಯಾಗಿ ಎತ್ತಿ ಬೇರೆಡೆಗೆ ಸರಿಸಿದ್ದು ವಿದ್ಯಾರ್ಥಿಗಳಿಗೆ ನೆನಪಿರಬಹುದು. 1799ರ ಮೇ 2ರಂದು ಮುತ್ತಿಗೆಯ ಕಾಲದಲ್ಲಿ ಕೋಟೆಯೊಳಗಿನ ಬಾಣಗಳ ದಾಸ್ತಾನಿಗೆ ಗುಂಡು ತಗುಲಿ ಭಾರಿ ಸ್ಫೋಟವಾದದ್ದೂ ಅದೇ ಊರಿನಲ್ಲಿ. ಮದ್ದಿನ ಶಕ್ತಿಯನ್ನೂ ಅದರ ಮುನಿಸನ್ನೂ ಆ ಊರು ಕಂಡಿದೆ.

ಹಾಗಾದರೆ ಆಗಬೇಕಾದದ್ದೇನು? ನಮ್ಮ ಅಭಿಪ್ರಾಯವನ್ನು ಮೂರು ಮಾತುಗಳಲ್ಲಿ ಹೇಳುತ್ತೇವೆ.

ಮೊದಲನೆಯದು, ಗಣಿಗೊಂದರಂತೆ ಅಲ್ಲಲ್ಲಿ ಮದ್ದು ಇಡುವುದು ನಿಲ್ಲಬೇಕು. ಹತ್ತಿರ ಹತ್ತಿರದ ಗಣಿಗಳು ಕೂಡಿ, ವಸತಿಯಿಂದಲೂ ರಸ್ತೆಯಿಂದಲೂ ತಕ್ಕಷ್ಟು ದೂರದಲ್ಲಿ, ಪರವಾನಗಿ ಪಡೆದ ಒಂದು ಸಾಮಾನ್ಯ ಮದ್ದಿನ ಮನೆಯನ್ನು ಕಟ್ಟಿಕೊಳ್ಳಲಿ. ಸುತ್ತಲೂ ಮಣ್ಣಿನ ದಿಬ್ಬ, ಮೇಲೆ ಹಗುರವಾದ ಛಾವಣಿ, ಸಿಡಿಲಿನ ಸಲಾಕೆ, ಡಿಟೋನೇಟರಿಗೆ ಬೇರೆ ಕೋಣೆ ಇರಬೇಕು. ಯುಗಾದಿ ಕಳೆದೊಡನೆ ಗುಡುಗು ಸಿಡಿಲುಗಳ ಮಳೆ ಬೀಳುವ ಈ ಸೀಮೆಯಲ್ಲಿ ಸಿಡಿಲಿನ ಸಲಾಕೆಯನ್ನು ಅಲಂಕಾರವೆಂದು ತಿಳಿಯಬಾರದು. ಆಯಾ ದಿನಕ್ಕೆ ಬೇಕಾದಷ್ಟೇ ಮದ್ದು ಗಣಿಗೆ ಬರಲಿ. ಉಳಿದದ್ದು ಅಂದೇ ಸಂಜೆ ಹಿಂದಿರುಗಲಿ. ಕೆಲಸಗಾರರು ಮಲಗುವ ಷೆಡ್ಡಿನ ಬಳಿ ಒಂದು ಕಡ್ಡಿಯೂ ರಾತ್ರಿ ಕಳೆಯಬಾರದು.

ಎರಡನೆಯದು, ಮದ್ದು ಸಾಗಿಸುವ ವಾಹನ. ಡಿಟೋನೇಟರಿಗೊಂದು, ಉಳಿದ ಮದ್ದಿಗೊಂದು ವಾಹನವೆಂಬ ನಿಯಮ ಎಲ್ಲಿಯೂ ಸಡಿಲವಾಗಬಾರದು. ಚಾಲಕನಿಗೂ ಸರಕಿಗೂ ನಡುವೆ ಬೆಂಕಿ ತಡೆಯುವ ಗೋಡೆಯಿರಬೇಕು. ಲಾರಿಗಟ್ಟಲೆ ಮದ್ದು ಒಮ್ಮೆಲೇ ಸಿಡಿದರೆ ಯಾವ ಗೋಡೆಯೂ ನಿಲ್ಲದೆಂಬುದು ನಿಜ. ಆದರೆ ವಾಹನಗಳಲ್ಲಿ ಅನಾಹುತ ಅನೇಕ ವೇಳೆ ಬೆಂಕಿಯಿಂದ ಆರಂಭವಾಗುತ್ತದೆ. ಎಂಜಿನ್ನಿನ ಬೆಂಕಿ ಸರಕನ್ನು ಮುಟ್ಟಲು ಹತ್ತು ನಿಮಿಷ ತಡವಾದರೆ ಅಷ್ಟರಲ್ಲಿ ಜನ ಕಿಲೋಮೀಟರ್ ದೂರ ಹೋಗಬಹುದು. ಆ ಹತ್ತು ನಿಮಿಷವನ್ನು ಸಂಪಾದಿಸಿಕೊಡುವುದು ಯಂತ್ರಶಿಲ್ಪಿಯ ಕೆಲಸ. ಚಾಮರಾಜನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಸಮಸ್ಯೆ ಯಾವುದಿದೆ? ಶಾಖ ತಡೆಯುವ ಗೋಡೆಯ ಲೆಕ್ಕಕ್ಕೆ ಒಂದು ಗ್ರಾಂ ಮದ್ದನ್ನೂ ಮುಟ್ಟಬೇಕಾಗಿಲ್ಲ.

ಮೂರನೆಯದು ಕೆಲವರಿಗೆ ರುಚಿಸದ ಮಾತು. ಹಿರೇನಾಗವಲ್ಲಿಯ ಆರು ಮಂದಿ ಸತ್ತದ್ದು ಮದ್ದನ್ನು ಬಳಸುತ್ತಿದ್ದಾಗ ಅಲ್ಲ, ಅದನ್ನು ಕೈಬಿಡಲು ಹೋದಾಗ. ಲೆಕ್ಕಕ್ಕೆ ಸಿಗದ ಮದ್ದನ್ನು ಇಟ್ಟವನಿಗೆ ತಪಾಸಣೆಯ ಸುದ್ದಿ ಬಂದೊಡನೆ ತೋಚುವುದು ಒಂದೇ ಉಪಾಯ: ಕತ್ತಲೆಯಲ್ಲಿ, ಸಿಕ್ಕ ವಾಹನದಲ್ಲಿ, ಸಿಕ್ಕ ಕೂಲಿಯವನ ಕೈಯಲ್ಲಿ ಅದನ್ನು ಬೇರೆಡೆಗೆ ಸಾಗಿಸುವುದು. ಒತ್ತಡ ಹೆಚ್ಚಿದೆ, ಹೊರಹೋಗುವ ದಾರಿಯಿಲ್ಲ. ಟಿ-72ರ ಗೋಪುರದ ಸ್ಥಿತಿಯೇ ಇದು. ಕಾನೂನಿಗೂ ಒಂದು ಹಾರಿಹೋಗುವ ಹಲಗೆ ಬೇಕೆಂದು ನಾವು ಭಾವಿಸುತ್ತೇವೆ. ಹೆಚ್ಚುವರಿ ಅಥವಾ ಹಳೆಯ ಮದ್ದು ತಮ್ಮಲ್ಲಿದೆಯೆಂದು ತಾವಾಗಿಯೇ ತಿಳಿಸುವವರಿಗೆ ಗೊತ್ತಾದ ಅವಧಿಯೊಳಗೆ ಶಿಕ್ಷೆಯ ಭಯವಿಲ್ಲದ ಅವಕಾಶವಿರಲಿ. ಅದನ್ನು ಅವರು ಮುಟ್ಟಬಾರದು. ತಜ್ಞರು ಬಂದು ಒಯ್ದು ನಾಶಪಡಿಸಲಿ. ಅವಧಿ ಮೀರಿದ ಮೇಲೆ ಕಾನೂನು ತನ್ನ ಪೂರ್ಣ ಬಲವನ್ನು ತೋರಿಸಲಿ.

‘ತಪ್ಪು ಮಾಡಿದವನನ್ನು ಬಿಟ್ಟುಬಿಡುವುದು ನ್ಯಾಯವೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಕತ್ತಲೆಯಲ್ಲಿ ಪೆಟ್ಟಿಗೆ ಹೊರುವವನು ಸಾಮಾನ್ಯವಾಗಿ ಮದ್ದಿನ ಒಡೆಯನಲ್ಲ. ದೂರದಿಂದ ದುಡಿಯಲು ಬಂದ, ಪೆಟ್ಟಿಗೆಯ ಮೇಲಿನ ಬರಹವನ್ನು ಓದಲೂ ಬಾರದ ಬಡವ. ಒಡೆಯನನ್ನು ಶಿಕ್ಷಿಸುವ ಹಟದಲ್ಲಿ ಆಳನ್ನು ಬಲಿಕೊಡುವುದು ನ್ಯಾಯವಾಗಲಾರದು. ಇನ್ನು ಖರ್ಚಿನ ಮಾತು. ಚಿಕ್ಕ ಗಣಿಯವನಿಗೆ ಮದ್ದಿನ ಮನೆ ಕಟ್ಟುವ ಶಕ್ತಿಯಿಲ್ಲವೆಂಬುದು ಸತ್ಯ. ಅದಕ್ಕಾಗಿಯೇ ಹತ್ತು ಜನ ಕೂಡಿ ಒಂದನ್ನು ಕಟ್ಟಲೆಂದು ಹೇಳಿದೆವು. ಪ್ರತ್ಯೇಕ ಕೋಣೆಯಿಂದ ಟ್ಯಾಂಕಿನ ತೂಕವೂ ಬೆಲೆಯೂ ಏರುತ್ತವೆ. ಯುದ್ಧದ ಲೆಕ್ಕದಲ್ಲಿಯೇ ಸೈನಿಕನ ಜೀವಕ್ಕೆ ಆ ಬೆಲೆ ಕೊಡಬಹುದೆಂದು ತೀರ್ಮಾನವಾಗಿರುವಾಗ, ಶಾಂತಿಯ ಕಾಲದಲ್ಲಿ ರಸ್ತೆಗೆ ಜಲ್ಲಿ ಒಡೆಯುವವನ ಜೀವಕ್ಕೆ ಅದಕ್ಕಿಂತ ಕಡಿಮೆ ಬೆಲೆ ಕಟ್ಟುವುದು ನಾಗರಿಕತೆಯ ಲಕ್ಷಣವಲ್ಲ.

ವಿದ್ಯಾರ್ಥಿ ಮಿತ್ರರಿಗೆ ಕಡೆಯ ಒಂದು ಮಾತು. ಹಾದಿಯಲ್ಲಾಗಲಿ ಗಣಿಯ ಅಂಚಿನಲ್ಲಾಗಲಿ ಬಿದ್ದಿರುವ ಕಡ್ಡಿಯನ್ನೋ ತಂತಿ ಇಳಿಬಿದ್ದ ಚಿಕ್ಕ ಲೋಹದ ಕೊಳವೆಯನ್ನೋ ಕಂಡರೆ ಕುತೂಹಲಕ್ಕಾಗಿ ಸಹ ಮುಟ್ಟಬಾರದು. ದೂರ ಸರಿದು ಪೊಲೀಸರಿಗೆ ತಿಳಿಸಬೇಕು. ಅದರ ಜೊತೆಗೆ ಘನಮೂಲದ ನಿಯಮವನ್ನು ಮನೆಯಲ್ಲಿ ಹಿರಿಯರಿಗೂ ವಿವರಿಸಿ ಹೇಳಿ. ನಿಮ್ಮಲ್ಲಿ ಕೆಲವರ ತಂದೆ, ಅಣ್ಣಂದಿರು ಬೇಗೂರಿನಲ್ಲಿಯೋ ಹಿರೀಕಾಟಿಯಲ್ಲಿಯೋ ಇದೇ ಬಂಡೆಗಳ ನಡುವೆ ದುಡಿಯುತ್ತಿರಬಹುದು. ಅವರು ಮಲಗುವ ಜಾಗಕ್ಕೂ ಮದ್ದು ಇರುವ ಜಾಗಕ್ಕೂ ಎಷ್ಟು ದೂರವೆಂದು ಒಮ್ಮೆ ಕೇಳಿ ನೋಡಿ.